ಮೊದಲ ದಿನ ಬೆಳಕು, ನಾಲ್ಕನೇ ದಿನ ಸೂರ್ಯ: ಮಗನಿಗೆ ಏನು ಹೇಳಲಿ?

ಪ್ರಶ್ನೆ: ಸರ್, ವಂದನೆಗಳು. ನಮ್ಮದು ಮೂಲತಃ ಗದಗ-ಬೆಟಗೇರಿ. ಮದುವೆಯಾಗಿ ಭಾಯಂದರ್‌ಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಇಲ್ಲಿಯ ಕನ್ನಡ ಸಭೆಯಲ್ಲಿ ಹನ್ನೆರಡು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಮಕ್ಕಳು ವಿಜ್ಞಾನದ ಪ್ರಶ್ನೆ ಕೇಳಿದಾಗ, ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ ಬಂದದ್ದನ್ನೇ ಹೇಳುತ್ತಿದ್ದೆ. ಬೈಬಲ್ಲಿನ ಆರು ದಿನದ ಸೃಷ್ಟಿಕಥೆಯಲ್ಲಿ ದೇವರು ‘ಬೆಳಕಾಗಲಿ’ ಅಂದದ್ದೇ ವಿಶ್ವ ಶುರುವಾದ ಬಿಗ್ ಬ್ಯಾಂಗ್ (ಮಹಾಸ್ಫೋಟ), ದೇವರ ಒಂದು ದಿನ ಐನ್‌ಸ್ಟೈನ್ ಲೆಕ್ಕದಲ್ಲಿ ಕೋಟ್ಯಂತರ ವರ್ಷ, ಯೆಹೋಶುವನ ಕಾಲದಲ್ಲಿ ಸೂರ್ಯ ನಿಂತ ದಿನವನ್ನು ನಾಸಾ ಕಂಪ್ಯೂಟರ್ ಪತ್ತೆ ಹಚ್ಚಿದೆ, ದೇವಕಣ ಸಿಕ್ಕಿದೆ. ಮಗ ಈಗ ಬಿ.ಎಸ್ಸಿ. ಫಿಜಿಕ್ಸ್ ಎರಡನೇ ವರ್ಷ. ಒಂದು ರಾತ್ರಿ ಊಟಕ್ಕೆ ಕೂತಾಗ, ‘ಅಮ್ಮಾ, ನೀನು ಕಲಿಸಿದ್ದರಲ್ಲಿ ಒಂದೂ ನಿಜ ಅಲ್ಲ’ ಅಂದ. ಈಸ್ಟರ್ ಆದ ಮೇಲೆ ಸಭೆಗೆ ಬಂದಿಲ್ಲ. ಮೊನ್ನೆ ಒಂಬತ್ತು ವರ್ಷದ ಹುಡುಗಿಯೊಬ್ಬಳು, ‘ಟೀಚರ್, ಸೂರ್ಯ ನಾಲ್ಕನೇ ದಿನ ಬಂದ್ರೆ ಮೊದಲಿನ ಮೂರು ದಿನ ಹೆಂಗ ಎಣಿಸಿದ್ರು?’ ಅಂತ ಕೇಳಿದಳು. ನನಗೆ ಬಾಯಿ ಬರಲಿಲ್ಲ. ನಾನು ಕಲಿಸಿದ್ದೆಲ್ಲ ತಪ್ಪೇ? ಮಗನಿಗೆ ಏನು ಹೇಳಲಿ? ಮುಂದಿನ ಭಾನುವಾರ ಏನು ಕಲಿಸಲಿ?

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೇಲ್ನೋಟಕ್ಕೆ ಇದು ಬೈಬಲ್ಲಿಗೂ ಫಿಜಿಕ್ಸಿಗೂ ಇರುವ ಜಗಳದ ಹಾಗೆ ಕಾಣುತ್ತದೆ. ಒಳಗಿರುವ ಸಂಕಟ ಬೇರೆ: ನಂಬಿ ಹೇಳಿದ ಮಾತನ್ನು ಹೊಟ್ಟೆಯ ಮಗನೇ ಸುಳ್ಳು ಅಂದನಲ್ಲ ಅನ್ನುವುದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಫಾರ್ವರ್ಡ್‌ಗಳನ್ನು ಒಂದೊಂದಾಗಿ ಬಿಚ್ಚೋಣ.

ನಾನು ಹುಬ್ಬಳ್ಳಿಯವನು. ಪುಣೆಯಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ, ನಾರಾಯಣಗಾಂವ್ ಹತ್ತಿರದ ಖೋಡದ್‌ನ ರೇಡಿಯೊ ದೂರದರ್ಶಕದಲ್ಲಿ ರಿಸೀವರ್ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ಅಲ್ಲಿ ಆಕಾಶದ ರೇಡಿಯೊ ಅಲೆ ಹಿಡಿಯುವ 30 ತಟ್ಟೆಗಳಿವೆ, ಒಂದೊಂದರ ಅಗಲ 45 ಮೀಟರ್. ವಿಜಾಪುರದ ಗೋಲಗುಮ್ಮಟದ ಗುಮ್ಮಟ ಹೊರಗಿನಿಂದ ಸುಮಾರು 44 ಮೀಟರ್ ಅಗಲ. ಅದನ್ನು ಅಂಗಾತ ಮಾಡಿ ತಂತಿಬಲೆಯಲ್ಲಿ ಹೆಣೆದು ಕಂಬದ ಮೇಲೆ ಕೂರಿಸಿದ್ದಾರೆ ಅಂದುಕೊಳ್ಳಿ. ಗುಮ್ಮಟದ ಮಾತು ಇನ್ನೊಮ್ಮೆ ಬರುತ್ತದೆ, ನೆನಪಿರಲಿ.

ನಾಸಾ ಕಥೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಅದು ಪೂರಾ ಕಟ್ಟುಕಥೆ. ಯೆಹೋಶುವನ ಯುದ್ಧದ ದಿನ 23 ಗಂಟೆ 20 ನಿಮಿಷ, ಅರಸ ಹಿಜ್ಕೀಯನ ಕಾಲದಲ್ಲಿ ನೆರಳು ಹತ್ತು ಮೆಟ್ಟಿಲು ಹಿಂದೆ ಸರಿದಾಗ 40 ನಿಮಿಷ, ಎರಡೂ ಕೂಡಿ ಸರಿಯಾಗಿ 24 ಗಂಟೆ, ಕಂಪ್ಯೂಟರ್ ಲೆಕ್ಕದಲ್ಲಿ ಕಾಣೆಯಾದ ದಿನ ಇದೇ ಎಂದು ಅದರಲ್ಲಿದೆ ಅಲ್ಲವೇ? ಕಂಪ್ಯೂಟರೇ ಇಲ್ಲದ 1890ರಲ್ಲೇ ಅಮೆರಿಕದಲ್ಲೊಬ್ಬರು ಇಂಥದೇ ಲೆಕ್ಕವನ್ನು ಪುಸ್ತಕ ಮಾಡಿದ್ದರು. ನಾಸಾ ಹೆಸರು ಅದಕ್ಕೆ ಅಂಟಿಕೊಂಡದ್ದು ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಕಾಲದಲ್ಲಿ. ನಾಸಾದವರು ಅಲ್ಲಗಳೆದರೂ ಕಥೆ ಇನ್ನೂ ತಿರುಗುತ್ತಲೇ ಇದೆ.

ಅವರು ಅಲ್ಲಗಳೆದಿರಲಿ ಬಿಡಲಿ, ಇದು ಆಗದ ಕೆಲಸ. ಯಾಕೆ ಅಂತ ಮಗನಿಗಿಂತ ಮೊದಲು ನಿಮಗೆ ಗೊತ್ತಿರಬೇಕು. ಉದ್ಯಾನ್ ಎಕ್ಸ್‌ಪ್ರೆಸ್ ಇಷ್ಟು ಹೊತ್ತಿಗೆ ಸೊಲ್ಲಾಪುರದಲ್ಲಿ ಇರಬೇಕು ಎಂದು ಟೈಮ್‌ಟೇಬಲ್ ಹೇಳುತ್ತದೆ. ಹತ್ತು ವರ್ಷದ ಹಿಂದಿನ ಒಂದು ಮಂಗಳವಾರ ಅದು ದೌಂಡ್‌ನಲ್ಲಿ ಮೂರು ಗಂಟೆ ನಿಂತಿತ್ತೋ ಇಲ್ಲವೋ ಎಂದು ಅದೇ ಟೈಮ್‌ಟೇಬಲ್ ಹೇಳಲಾರದು. ಅದಕ್ಕೆ ಸ್ಟೇಷನ್ ಮಾಸ್ಟರ್‌ನ ರಿಜಿಸ್ಟರ್ ಬೇಕು. ಕಂಪ್ಯೂಟರಿಗೆ ಇವತ್ತಿನ ಗ್ರಹಗಳ ಸ್ಥಾನ ಕೊಟ್ಟರೆ ಹಿಂದಕ್ಕೆ ಎಣಿಸಿ ಟೈಮ್‌ಟೇಬಲ್ ಕೊಡುತ್ತದೆ, ಅಷ್ಟೇ. ದಿನ ‘ಕಾಣೆಯಾಗಿದೆ’ ಅನ್ನಬೇಕಾದರೆ ಆ ದಿನ ಕಣ್ಣಾರೆ ಕಂಡವರು ಬರೆದಿಟ್ಟ ಲೆಕ್ಕ ಎದುರಿಗೆ ಇರಬೇಕು.

ಅಂಥ ರಿಜಿಸ್ಟರ್ ಒಂದು ನಿಜವಾಗಿಯೂ ಇದೆ! ಬಾಬೆಲಿನವರು, ಅಂದರೆ ಇಂದಿನ ಇರಾಕಿನಲ್ಲಿದ್ದ ಪ್ರಾಚೀನ ಬ್ಯಾಬಿಲೋನಿನವರು, ಗ್ರಹಣಗಳನ್ನು ಜೇಡಿಮಣ್ಣಿನ ಹಲಗೆಗಳ ಮೇಲೆ ಗೀಚಿ ಇಟ್ಟಿದ್ದಾರೆ. ಕ್ರಿ.ಪೂ. 136ರ ಏಪ್ರಿಲ್ 15ರಂದು ಬಾಬೆಲಿನಲ್ಲಿ ಪೂರ್ಣ ಸೂರ್ಯಗ್ರಹಣ ಕಂಡಿತು ಎಂದು ಅದರಲ್ಲಿದೆ. ಭೂಮಿ ಅಂದಿನಿಂದ ಇಂದಿನವರೆಗೆ ಒಂದೇ ವೇಗದಲ್ಲಿ ತಿರುಗಿದೆ ಎಂದು ಹಿಂದಕ್ಕೆ ಎಣಿಸಿದರೆ, ಆ ಗ್ರಹಣದ ನೆರಳು ಬಾಬೆಲನ್ನು ಮುಟ್ಟುವುದೇ ಇಲ್ಲ, ಸುಮಾರು 49 ಡಿಗ್ರಿ ಪಶ್ಚಿಮಕ್ಕೆ ಬೀಳುತ್ತದೆ. ಅಂದರೆ ಮೂರೂಕಾಲು ಗಂಟೆ ಲೆಕ್ಕ ತಪ್ಪಿದೆ. ಕಾರಣ ಸಮುದ್ರದ ಭರತ-ಇಳಿತ. ಚಂದ್ರನ ಸೆಳೆತಕ್ಕೆ ಏಳುವ ನೀರು ಭೂಮಿಗೆ ಬ್ರೇಕ್ ಹಾಕುತ್ತಲೇ ಇರುತ್ತದೆ. ದಿನ ಶತಮಾನಕ್ಕೆ ಸುಮಾರು 1.8 ಮಿಲಿಸೆಕೆಂಡಿನಷ್ಟು ಉದ್ದವಾಗುತ್ತಿದೆ. ಭಾಯಂದರ್ ಖಾಡಿಯಲ್ಲಿ ನೀರು ಏರುವುದನ್ನು ನೀವು ದಿನಾ ಲೋಕಲ್ ಟ್ರೇನಿನಿಂದ ನೋಡುತ್ತೀರಿ, ಅದೇ ಬ್ರೇಕು. ಕಾಣೆಯಾದ ಹೊತ್ತು ಇದೆ, ಆದರೆ ಅದು ಒಂದೇ ದಿನದಲ್ಲಿ ಕಾಣೆಯಾದದ್ದಲ್ಲ, ಚೂರು ಚೂರಾಗಿ ಸೋರಿದ್ದು. ನನಗಂತೂ ಈ ನಿಜದ ಕಥೆ ಫಾರ್ವರ್ಡಿಗಿಂತ ಹತ್ತು ಪಟ್ಟು ರುಚಿ.

ಹಾಗಾದರೆ ಯೆಹೋಶುವನ ಅಧ್ಯಾಯ? 2017ರಲ್ಲಿ ಬ್ರಿಟನ್ನಿನ ಇಬ್ಬರು ವಿಜ್ಞಾನಿಗಳು ಅದು ಕ್ರಿ.ಪೂ. 1207ರ ಅಕ್ಟೋಬರ್ 30ರ ಕಂಕಣಗ್ರಹಣ ಇರಬಹುದು ಎಂದು ಬರೆದರು. ಅಲ್ಲಿರುವ ಹೀಬ್ರೂ ಮಾತಿಗೆ ‘ಸುಮ್ಮನಾಗು’ ಎಂಬ ಅರ್ಥವೂ ಇದೆ, ‘ಬೆಳಗುವುದನ್ನು ನಿಲ್ಲಿಸು’ ಎಂದೂ ಓದಬಹುದು ಎನ್ನುವುದು ಅವರ ವಾದ. ಊಹೆ ಚೆನ್ನಾಗಿದೆ, ಮಕ್ಕಳ ಮುಂದೆ ಊಹೆ ಎಂದೇ ಹೇಳಿ.

ದೇವಕಣಕ್ಕೆ ಹೆಚ್ಚು ಮಾತು ಬೇಡ. ಅದರ ಹೆಸರು ಹಿಗ್ಸ್ ಬೋಸಾನ್, ಪರಮಾಣುವಿಗಿಂತ ಚಿಕ್ಕ ಒಂದು ಕಣ. 2012ರ ಜುಲೈ 4ರಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದವರು ಸಿಕ್ಕಿದೆ ಎಂದು ಘೋಷಿಸಿದರು. ‘ದೇವಕಣ’ ಎನ್ನುವುದು 1993ರ ಒಂದು ಜನಪ್ರಿಯ ಪುಸ್ತಕದ ತಲೆಬರಹ. ಅಂಥ ಕಣ ಇರಬೇಕೆಂದು ಮೊದಲೇ ಹೇಳಿದ್ದ ಪೀಟರ್ ಹಿಗ್ಸ್ ಅವರಿಗೇ ಆ ಹೆಸರು ಹಿಡಿಸುತ್ತಿರಲಿಲ್ಲ. ಅದಕ್ಕೂ ದೇವರಿಗೂ ಇರುವ ಸಂಬಂಧ, ಮೈಸೂರು ಪಾಕಿಗೂ ಮೈಸೂರು ಅರಮನೆಯ ಪಾಯಕ್ಕೂ ಇರುವಷ್ಟೇ.

ಐನ್‌ಸ್ಟೈನ್ ಲೆಕ್ಕ ಸ್ವಲ್ಪ ಮೋಸದ್ದು, ಅದರಲ್ಲಿ ಅರ್ಧ ನಿಜ ಇರುವುದರಿಂದ. ಗಡಿಯಾರ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎನ್ನುವುದರ ಮೇಲೆ ಅದರ ಓಟ ಬದಲಾಗುತ್ತದೆ, ನಿಜ. ಫೋನಿಗೆ ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹದ ಗಡಿಯಾರ ನಮ್ಮದಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಆದರೆ ವಿಶ್ವದ ವಯಸ್ಸು 1,380 ಕೋಟಿ ವರ್ಷ. ಅದನ್ನು ಆರು ದಿನಕ್ಕೆ ಇಳಿಸಬೇಕಾದರೆ ಯಾವುದೋ ಗಡಿಯಾರ 84,000 ಕೋಟಿ ಪಟ್ಟು ನಿಧಾನ ಓಡಬೇಕು. ಅಂಥದೊಂದನ್ನು ಕಾಗದದ ಮೇಲೆ ಕಲ್ಪಿಸಬಹುದು. ಅದೇ ಜಾಣತನದಲ್ಲಿ ಅರವತ್ತು ದಿನ, ಆರು ನಿಮಿಷ, ಏನು ಬೇಕಾದರೂ ತರಬಹುದು. ಯಾವ ಉತ್ತರ ಬೇಕೋ ಅದನ್ನೇ ಕೊಡುವ ಲೆಕ್ಕಕ್ಕೆ ನಮ್ಮಲ್ಲಿ ಲೆಕ್ಕ ಅನ್ನುವುದಿಲ್ಲ. ಇನ್ನು ಸಾವಿರ ವರ್ಷ ಒಂದು ದಿನದ ಹಾಗೆ ಎನ್ನುವ 90ನೇ ಕೀರ್ತನೆಯ ವಚನವನ್ನು ಪೂರ್ತಿ ಓದಿ ನೋಡಿ. ಸಾವಿರ ವರ್ಷ ಕಳೆದುಹೋದ ನಿನ್ನೆಯಂತೆ, ರಾತ್ರಿಯ ಒಂದು ಜಾವದಂತೆ ಎಂದಿದೆ. ಒಂದೇ ವಚನದಲ್ಲಿ ಎರಡು ದರ! ಕೀರ್ತನೆಕಾರ ಪರಿವರ್ತನೆಯ ಕೋಷ್ಟಕ ಕೊಡುತ್ತಿಲ್ಲ. ಮುಂಜಾನೆ ಚಿಗುರಿ ಸಂಜೆಗೆ ಬಾಡುವ ಹುಲ್ಲಿನ ಹಾಗಿದ್ದೇವೆ ನಾವು ಎಂದು ನಿಟ್ಟುಸಿರು ಬಿಡುತ್ತಿದ್ದಾನೆ.

ಈಗ ‘ಬೆಳಕಾಗಲಿ’. ಈ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ಮೈಕ್ ಹಿಡಿದು.

1992ರಲ್ಲಿ ಕೋಬ್ ಉಪಗ್ರಹ ಆದಿಯ ಬೆಳಕಿನಲ್ಲಿ ಸಣ್ಣ ಸಣ್ಣ ಏರುಪೇರು ಕಂಡಿದೆ ಎಂದು ಪತ್ರಿಕೆಗಳಲ್ಲೆಲ್ಲ ಬಂತು. ನಾನಿನ್ನೂ ಬಿಸಿರಕ್ತದ ಹುಡುಗ. ಪುಣೆಯ ನಮ್ಮ ಕನ್ನಡದವರ ಪ್ರಾರ್ಥನಾ ಕೂಟದಲ್ಲಿ ಆ ಚಿತ್ರ ಗೋಡೆಗೆ ಅಂಟಿಸಿ, ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ ಮೂರನೇ ವಚನ ಓದಿ, ‘ನೋಡಿ, ವಿಜ್ಞಾನ ಈಗ ಮೋಶೆಯ ಹತ್ತಿರ ಬಂದು ನಿಂತಿದೆ’ ಎಂದೆ. ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಧಾರವಾಡ ಕಡೆಯ ಒಬ್ಬ ಅಜ್ಜ, ರೈಲ್ವೆಯಲ್ಲಿ ಗಾರ್ಡ್ ಆಗಿ ರಿಟೈರ್ ಆದವರು, ಎದ್ದು ನಿಂತು ಕೇಳಿದರು: ‘ತಮ್ಮಾ, ನಿಮ್ಮ ಪುಣೆದಾಗ ಇರೋ ನಾರಳೀಕರ್ ಸಾಹೇಬ್ರು ಈ ಬಿಗ್ ಬ್ಯಾಂಗ್ ಒಪ್ಪಂಗಿಲ್ಲಂತ ಪೇಪರಿನ್ಯಾಗ ಓದೀನಿ. ನಾಳೆ ಅವರು ಗೆದ್ರ ನಮ್ಮ ಬೆಳಕು ಆರತೈತೇನು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಜ್ಜ ಹೇಳಿದ್ದು ನಿಜವೇ. 1988ರಲ್ಲಿ ಪುಣೆಯಲ್ಲಿ ಐಯುಕಾ ಎಂಬ ಖಗೋಳ ಸಂಶೋಧನಾ ಕೇಂದ್ರ ಕಟ್ಟಿದ ಜಯಂತ ನಾರಳೀಕರ್ ಅವರು ಬ್ರಿಟಿಷ್ ಖಗೋಳಜ್ಞ ಫ್ರೆಡ್ ಹಾಯ್ಲ್ ಅವರ ಶಿಷ್ಯರು. ‘ಬಿಗ್ ಬ್ಯಾಂಗ್’ ಎನ್ನುವ ಮಾತನ್ನು 1949ರಲ್ಲಿ ರೇಡಿಯೊದಲ್ಲಿ ಹುಟ್ಟಿಸಿದವರೇ ಹಾಯ್ಲ್, ಅದೂ ಆ ಸಿದ್ಧಾಂತವನ್ನು ಒಪ್ಪದೆ. ನಾರಳೀಕರ್ 2025ರಲ್ಲಿ ತೀರಿಕೊಂಡರು. ಕಡೆಯವರೆಗೂ ತಮ್ಮ ಆಕ್ಷೇಪಗಳನ್ನು ಬಿಡಲಿಲ್ಲ. ಬಹುಪಾಲು ಖಗೋಳಜ್ಞರು ಅವರ ಜೊತೆ ಹೋಗಲಿಲ್ಲ, ಸಾಕ್ಷ್ಯ ಇನ್ನೊಂದು ಕಡೆ ಬಲವಾಗಿದೆ ಎಂದೇ ನನ್ನ ಅಭಿಪ್ರಾಯವೂ. ಆದರೆ ಅಜ್ಜನ ಪ್ರಶ್ನೆ ಯಾರು ಗೆದ್ದರು ಎನ್ನುವುದಲ್ಲ. ವಚನವನ್ನು ಒಂದು ಸಿದ್ಧಾಂತದ ಬಾಲಕ್ಕೆ ಕಟ್ಟಿದ ಮೇಲೆ ಅದು ಎಳೆದ ಕಡೆಗೆಲ್ಲ ಹೋಗಬೇಕಲ್ಲ ಎನ್ನುವುದು.

ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಇದೇ ಮಾತನ್ನು ಬಿಗ್ ಬ್ಯಾಂಗಿನ ಪಿತಾಮಹರೇ ಪೋಪ್‌ ಅವರಿಗೆ ಮುಟ್ಟಿಸಿದ್ದರು ಎಂದು. ಜಾರ್ಜ್ ಲೆಮೆತ್ರ್ ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ, ಜೊತೆಗೆ ಗಣಿತಜ್ಞ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ, ಅಮೆರಿಕದ ಖಗೋಳಜ್ಞ ಹಬಲ್‌ಗಿಂತ ಎರಡು ವರ್ಷ ಮೊದಲು, ಬರೆದವರು. ನಿಮ್ಮ ಲೆಕ್ಕ ಸರಿ, ಭೌತವಿಜ್ಞಾನ ಮಾತ್ರ ಅಸಹ್ಯ ಎಂದು ಐನ್‌ಸ್ಟೈನ್ ಹತ್ತಿರ ಬೈಸಿಕೊಂಡವರು. 1951ರ ನವೆಂಬರಿನಲ್ಲಿ 12ನೇ ಪಯಸ್ ಪೋಪ್ ತಮ್ಮ ವಿಜ್ಞಾನ ಅಕಾಡೆಮಿಯ ಮುಂದೆ ಮಾತಾಡುತ್ತ, ಆದಿಯ ‘ಬೆಳಕಾಗಲಿ’ಗೆ ಇಂದಿನ ವಿಜ್ಞಾನವೇ ಸಾಕ್ಷಿಯಾದಂತಿದೆ ಎಂಬ ಅರ್ಥದಲ್ಲಿ ಹೇಳಿದರು. ಬೇರೆ ಯಾವ ಪಾದ್ರಿಯಾದರೂ ಹಿಗ್ಗುತ್ತಿದ್ದರು. ಲೆಮೆತ್ರ್ ಮುಜುಗರಪಟ್ಟರು, ಹಾಗೆ ಹೇಳದಿರುವುದು ಒಳಿತು ಎಂದು ತಿಳಿಸಿದರು. ಮರುವರ್ಷ ರೋಮ್‌ನಲ್ಲಿ ಖಗೋಳಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಪೋಪ್ ಆ ಮಾತೆತ್ತಲಿಲ್ಲ. ನನ್ನ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಹೊರಗಿದೆ, ದೇವರಿಲ್ಲ ಅನ್ನುವವನೂ ಅದನ್ನು ಒಪ್ಪಬಹುದು ಎಂಬುದು ಲೆಮೆತ್ರ್ ಅವರ ನಿಲುವು. ಬೆಳಿಗ್ಗೆ ಪೂಜೆ ಅರ್ಪಿಸುತ್ತಿದ್ದ ಮನುಷ್ಯ ಹೀಗಂದದ್ದು!

ಸಿದ್ಧಾಂತ ಸರಿಯೆಂದೇ ಇಟ್ಟುಕೊಂಡರೂ ವಚನಕ್ಕೆ ಹೊಂದುವುದಿಲ್ಲ, ಅದನ್ನೂ ನೋಡಿ. ಬಿಗ್ ಬ್ಯಾಂಗ್ ಕತ್ತಲಲ್ಲಿ ಸಿಡಿದ ಪಟಾಕಿಯಲ್ಲ. ಮೊದಲ 3.8 ಲಕ್ಷ ವರ್ಷ ಬೆಳಕು ಇತ್ತು, ಆದರೆ ದಟ್ಟ ಮಂಜಿನಲ್ಲಿ ಸಿಕ್ಕಿಬಿದ್ದ ಲಾರಿಯ ಹೆಡ್‌ಲೈಟಿನ ಹಾಗೆ ಎಲ್ಲಿಗೂ ಹೋಗಲಾರದೆ ಇತ್ತು. ಮಂಜು ಹರಿದ ಮೇಲೆ ಹೊರಟ ಆ ಬೆಳಕೇ ಇಂದು ತಣ್ಣಗಾಗಿ, ಇನ್ನು ತಣ್ಣಗಾಗಲು ಸಾಧ್ಯವೇ ಇಲ್ಲದ ಸೊನ್ನೆ ಕೆಲ್ವಿನ್‌ಗಿಂತ 2.7 ಡಿಗ್ರಿಯಷ್ಟೇ ಮೇಲೆ, ಎಲ್ಲ ದಿಕ್ಕಿನಿಂದ ಬರುತ್ತಿದೆ. ನನ್ನ ಕೆಲಸವೇ ರಿಸೀವರಿನ ಗದ್ದಲದ ಲೆಕ್ಕ ಇಡುವುದಾಗಿತ್ತು. ಆಂಪ್ಲಿಫೈಯರಿನ ಗದ್ದಲ ಇಷ್ಟು, ಕೇಬಲ್ಲಿನದು ಇಷ್ಟು, ನೆಲದ ಬಿಸಿಯದು ಇಷ್ಟು ಎಂದು ಪಟ್ಟಿ. ಎಲ್ಲವನ್ನೂ ಹೆಣಗಾಡಿ ಕಡಿಮೆ ಮಾಡಬಹುದಿತ್ತು. ಒಂದು ಸಾಲು ಮಾತ್ರ ಮೂವತ್ತು ವರ್ಷ ಅಲ್ಲಾಡಲಿಲ್ಲ: 2.7. ಆ ಅಂಕಿಯ ಮುಂದೆ ಒಂದೊಂದು ರಾತ್ರಿ ಪೆನ್ನು ಹಿಡಿದು ಸುಮ್ಮನೆ ಕೂತಿದ್ದೇನೆ. ಅದಕ್ಕೆ ಭಕ್ತಿ ಎನ್ನುತ್ತೀರೋ ಬೆರಗು ಎನ್ನುತ್ತೀರೋ ನಿಮಗೆ ಬಿಟ್ಟದ್ದು, ಪುರಾವೆ ಮಾತ್ರ ಅನ್ನಬೇಡಿ.

ಆ ಬೆಳಕಿನ ನಂತರ ಮತ್ತೆ ಕೋಟಿಗಟ್ಟಲೆ ವರ್ಷ ನಕ್ಷತ್ರವಿಲ್ಲದ ಕತ್ತಲೆ. ನಮ್ಮ ಸೂರ್ಯ ಹುಟ್ಟಿದ್ದು 460 ಕೋಟಿ ವರ್ಷದ ಹಿಂದೆ. ಆದಿಕಾಂಡದಲ್ಲೋ ಬೆಳಕಿಗಿಂತ ಮೊದಲೇ ಎರಡನೇ ವಚನದಲ್ಲಿ ನೀರಿದೆ. ನೀರಿಗೆ ಆಮ್ಲಜನಕ ಬೇಕು, ಆಮ್ಲಜನಕ ಬೇಯುವುದು ನಕ್ಷತ್ರಗಳ ಹೊಟ್ಟೆಯಲ್ಲಿ. ಆಮೇಲೆ ಆರನೇ ವಚನ: ‘ವಿಸ್ತಾರವಾದ ಗುಮಟವು ಉಂಟಾಗಲಿ.’ ನಮ್ಮ ಹಳೆಯ ಕನ್ನಡ ಭಾಷಾಂತರದವರು ಪ್ರಾಮಾಣಿಕರು, ಗುಮಟ ಎಂದೇ ಇಟ್ಟಿದ್ದಾರೆ. ಮೇಲೆ ನೀರು, ಕೆಳಗೆ ನೀರು, ನಡುವೆ ಗೋಲಗುಮ್ಮಟದಂಥ ಆಕಾಶ. ಅಂದಿನವರು ತಲೆ ಎತ್ತಿದಾಗ ಕಂಡದ್ದು ಅದು. ಮೂರನೇ ವಚನವನ್ನು ಇಪ್ಪತ್ತನೇ ಶತಮಾನದ ಫಿಜಿಕ್ಸ್ ಎಂದು ಓದಿ, ಆರನೆಯದಕ್ಕೆ ಬಂದಾಗ ಕೆಮ್ಮಿ ಮುಂದಕ್ಕೆ ಹೋಗುವುದು ಸರಿಯಲ್ಲ. ನಿಮ್ಮ ಮಗ ಹಿಡಿದದ್ದು ಈ ಕೆಮ್ಮನ್ನೇ ಎಂದು ನನ್ನ ಗುಮಾನಿ.

ಹಾಗಾದರೆ ದಾರಿ ಯಾವುವು? ಆರು ದಿನ ಎಂದರೆ 24 ಗಂಟೆಯ ಆರು ದಿನವೇ, ಭೂಮಿಗೆ ಆರು ಸಾವಿರ ವರ್ಷ ಎಂದು ಗಟ್ಟಿಯಾಗಿ ನಿಲ್ಲುವವರಿದ್ದಾರೆ. 1650ರಲ್ಲಿ ಆರ್ಚ್‌ಬಿಷಪ್ ಅಷರ್ ಸೃಷ್ಟಿಯ ವರ್ಷ ಕ್ರಿ.ಪೂ. 4004 ಎಂದು ಎಣಿಸಿದ್ದರು. ಈ ದಾರಿ ಹಿಡಿದರೆ ಮಗನನ್ನು ಒಂದು ಚಳಿಗಾಲದ ರಾತ್ರಿ ಮಾಳಶೇಜ್ ಘಾಟಿಗೆ ಕರೆದೊಯ್ಯಬೇಡಿ; ಬರಿಗಣ್ಣಿಗೆ ಕಾಣುವ ಆಂಡ್ರೊಮಿಡಾದ ಬೆಳಕು ಹೊರಟು 25 ಲಕ್ಷ ವರ್ಷವಾಗಿದೆ. ಭಾನುವಾರಕ್ಕೆ ಒಂದು ಕೋಣೆ, ಲ್ಯಾಬಿಗೆ ಇನ್ನೊಂದು, ನಡುವೆ ಬೀಗ ಎನ್ನುವುದು ಎರಡನೆಯದು. ಅಜ್ಜನ ಪ್ರಶ್ನೆಯ ನಂತರ ಹತ್ತು ವರ್ಷ ನಾನು ಹಾಗೆ ಬದುಕಿದೆ. ಜಗಳ ಇರುವುದಿಲ್ಲ, ಆದರೆ ಓಡಾಟ ಕಡಿಮೆಯಾದ ಕೋಣೆ ನಿಧಾನಕ್ಕೆ ಹಳೆ ಸಾಮಾನಿನ ಉಗ್ರಾಣವಾಗುತ್ತದೆ. ನನ್ನದು ಯಾವ ಕೋಣೆ ಆಗಿತ್ತು ಎಂದು ಹೇಳಬೇಕಿಲ್ಲ.

ಈಗ ನಾನು ಹಿಡಿದಿರುವುದು ಮೂರನೆಯದು: ಬರೆದವರು ಯಾರಿಗೆ, ಏನು ಹೇಳಲು ಹೊರಟಿದ್ದರು ಎಂದು ಮೊದಲು ಕೇಳುವುದು. ಇದು ಹೊಸ ಕಾಲದ ನುಣುಚಿಕೆಯಲ್ಲ. ಸೂರ್ಯನಿಲ್ಲದ ದಿನ ಎಂಥದು ಎಂದು ಐದನೇ ಶತಮಾನದ ಆರಂಭದಲ್ಲೇ ಸಂತ ಅಗಸ್ಟೀನರು ತಲೆ ಕೆರೆದುಕೊಂಡಿದ್ದಾರೆ. ನಿಮ್ಮ ಒಂಬತ್ತರ ಹುಡುಗಿ ಒಳ್ಳೆಯ ಸಾಲಿನಲ್ಲಿದ್ದಾಳೆ. ಪ್ರಕೃತಿಯ ವಿಷಯ ಬಲ್ಲ ಅನ್ಯರ ಮುಂದೆ ಕ್ರೈಸ್ತನೊಬ್ಬ ಗ್ರಂಥದ ಹೆಸರಿನಲ್ಲಿ ಅಸಂಬದ್ಧ ಮಾತಾಡಿ ನಗೆಪಾಟಲಾದರೆ, ಅವರು ಪುನರುತ್ಥಾನದ ಮಾತನ್ನು ನಂಬುವುದು ಹೇಗೆ ಎಂದೂ ಅಗಸ್ಟೀನರು ಬೇಸರಪಟ್ಟಿದ್ದಾರೆ. ವಾಟ್ಸಾಪ್‌ ಬರುವುದಕ್ಕೆ 1,600 ವರ್ಷ ಮೊದಲು.

ಈ ದಾರಿಗೂ ಅಪಾಯ ಇದೆ, ಮುಚ್ಚಿಡುವುದಿಲ್ಲ. ಮಗ ಕೇಳಿಯೇ ಕೇಳುತ್ತಾನೆ: ‘ಹಾಗಾದರೆ ಯೇಸುವಿನ ಖಾಲಿ ಸಮಾಧಿಯೂ ಕಾವ್ಯವೇ?’ ನಾನು ಅಲ್ಲ ಎನ್ನುತ್ತೇನೆ. ಸೃಷ್ಟಿಯ ಅಧ್ಯಾಯ ಬರೆದವನು ನಾನು ನೋಡಿದೆ ಎನ್ನುವುದಿಲ್ಲ. ಪೌಲನು ಕೊರಿಂಥದವರಿಗೆ ಬರೆಯುವಾಗ ಎದ್ದ ಯೇಸುವನ್ನು ಕಂಡವರ ಹೆಸರು ಹೇಳುತ್ತಾನೆ, ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಅದು ಸಾಕ್ಷಿ ಹೇಳುವ ದನಿ. ಆ ಸಾಕ್ಷಿಯನ್ನು ನಂಬುವುದು ಬಿಡುವುದು ಅವನಿಗೆ ಬಿಟ್ಟದ್ದು. ಫಿಜಿಕ್ಸ್ ಸಾಧಾರಣವಾಗಿ ಏನು ನಡೆಯುತ್ತದೆ ಎಂದು ಹೇಳುತ್ತದೆ, ಸತ್ತವರು ಏಳುವುದಿಲ್ಲ ಎಂಬುದು ಶಿಷ್ಯರಿಗೂ ಗೊತ್ತಿತ್ತು. ಇಲ್ಲಿ ಕ್ವಾಂಟಮ್ ಎಂಬ ಮಾತನ್ನು ತಂದು ಸಿಕ್ಕಿಸಬೇಡಿ, ಕೈ ಮುಗಿಯುತ್ತೇನೆ.

ಇನ್ನು ಮುಂದಿನ ಭಾನುವಾರಕ್ಕೆ. ಮಕ್ಕಳಿಗೆ ಕಾಗದ ಕೊಟ್ಟು ನಡುವೆ ಗೆರೆ ಎಳೆಸಿ. ಎಡಕ್ಕೆ ಮೊದಲ ಮೂರು ದಿನ: ಬೆಳಕು-ಕತ್ತಲೆ, ಆಕಾಶ-ನೀರು, ನೆಲ. ಬಲಕ್ಕೆ ಕೊನೆಯ ಮೂರು: ಸೂರ್ಯ-ಚಂದ್ರ, ಹಕ್ಕಿ-ಮೀನು, ಪ್ರಾಣಿ-ಮನುಷ್ಯ. ಮೊದಲು ಮನೆ, ಆಮೇಲೆ ಮನೆಯಲ್ಲಿ ಇರುವವರು ಎಂದು ಮಕ್ಕಳೇ ಕಂಡುಹಿಡಿಯುತ್ತಾರೆ. ನಾಲ್ಕನೇ ದಿನದ ವಚನವನ್ನು ಗಟ್ಟಿಯಾಗಿ ಓದಿಸಿ: ದೊಡ್ಡ ಬೆಳಕು, ಚಿಕ್ಕ ಬೆಳಕು. ಸೂರ್ಯ, ಚಂದ್ರ ಎಂಬ ಹೆಸರೇ ಇಲ್ಲ! ಬಾಬೆಲಿನಲ್ಲಿ ಸೂರ್ಯ ಶಮಾಷ್ ಎಂಬ ದೇವರು, ಚಂದ್ರ ಸಿನ್ ಎಂಬ ದೇವರು. ಸೆರೆಯಾಗಿ ಅಲ್ಲಿಗೆ ಹೋದ ಯೆಹೂದ್ಯರು ಆ ಗುಡಿಗಳ ನೆರಳಿನಲ್ಲಿ ಬದುಕಿದವರು. ಅಂಥವರಿಗೆ ಈ ಅಧ್ಯಾಯ, ಅವು ದೇವರಲ್ಲ, ತೂಗುಹಾಕಿದ ದೀಪ, ಅದೂ ನಾಲ್ಕನೇ ದಿನಕ್ಕೆ ಬಂದವು ಎನ್ನುತ್ತದೆ. ಸೂರ್ಯನನ್ನು ತಡವಾಗಿ ತಂದದ್ದು ಬೇಕೆಂದೇ ಎಂದು ಎಷ್ಟೋ ವಿದ್ವಾಂಸರು ಓದುತ್ತಾರೆ, ನನಗೂ ಅದೇ ಸರಿ ಕಾಣುತ್ತದೆ. ಹುಡುಗಿಗೆ ಮಾತ್ರ ನೇರವಾಗಿ ಹೇಳಿಬಿಡಿ: ಗಡಿಯಾರದ ಹಾಗೆ ಎಣಿಸಿದ್ದಲ್ಲಮ್ಮ, ಹಾಡಿನ ಚರಣಗಳ ಹಾಗೆ ಎಣಿಸಿದ್ದು.

ಮಗನ ವಿಷಯದಲ್ಲಿ ಒಂದೇ ಮಾತು. ಈ ಪತ್ರವನ್ನು ಅವನಿಗೆ ಫಾರ್ವರ್ಡ್ ಮಾಡಬೇಡಿ. ಅದೇ ಊಟದ ಹೊತ್ತಿಗೆ, ‘ನಾಸಾದ್ದು ಸುಳ್ಳಂತೆ, ನನಗೆ ಗೊತ್ತಿರಲಿಲ್ಲ, ತಪ್ಪು ಕಲಿಸಿದೆ’ ಅನ್ನಿ. ‘ಆದರೆ’ ಎಂದು ಮುಂದುವರಿಸಬೇಡಿ. ಗ್ರಹಣದ ಲೆಕ್ಕ ಅವನೇ ನಿಮಗೆ ಬಿಡಿಸಿ ಹೇಳಲಿ, ನೀವು ಕೇಳಿ. ಇದರಿಂದ ಅವನು ಸಭೆಗೆ ಮರಳುತ್ತಾನೆ ಎಂಬ ಭರವಸೆ ನಾನು ಕೊಡಲಾರೆ. ನನ್ನ ಮಗಳು ಇನ್ನೂ ಬಂದಿಲ್ಲ. ಪ್ರತಿ ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿ ಮಾಡಲು ಬರುತ್ತಾಳೆ, ಹಿಟ್ಟು ನಾದುತ್ತ ನಾವಿಬ್ಬರೂ ಇದನ್ನೇ ಚರ್ಚಿಸುತ್ತೇವೆ, ಕಲ್ಕಲ್ ಕರಿಯುವ ಹೊತ್ತಿಗೆ ದನಿ ಏರಿರುತ್ತದೆ.

ಫೆಬ್ರುವರಿ 28ರ ವಿಜ್ಞಾನ ದಿನದ ಹೊತ್ತಿಗೆ ಖೋಡದ್‌ನಲ್ಲಿ ಜನರಿಗೆ ತಟ್ಟೆಗಳನ್ನು ನೋಡಲು ಬಿಡುತ್ತಾರೆ, ಸುತ್ತಲಿನ ಹಳ್ಳಿಯ ಶಾಲೆಗಳ ಮಕ್ಕಳೆಲ್ಲ ಬರುತ್ತಾರೆ. ನಿಮ್ಮ ಕಡೆಯಿಂದಾದರೆ ಕಲ್ಯಾಣ, ಮಾಳಶೇಜ್, ಓತೂರ್ ದಾರಿ ಹತ್ತಿರ. ಮಗನಿಗೆ ಇಷ್ಟವಿದ್ದರೆ ಇಬ್ಬರೂ ಬನ್ನಿ, ನಾನೂ ಅಲ್ಲಿರುತ್ತೇನೆ. ಬಿಸಿಲಿಗೆ ಟೊಪ್ಪಿಗೆ ಇರಲಿ. ತಟ್ಟೆಯ ಹತ್ತಿರ ಮೊಬೈಲ್ ಪೂರ್ತಿ ಆಫ್ ಮಾಡಬೇಕು. ಆಕಾಶದಿಂದ ಬರುವುದು ಎಷ್ಟು ಕ್ಷೀಣ ಎಂದರೆ, ನಿಮ್ಮ ಪರ್ಸಿನೊಳಗಿನ ಫೋನೇ ಅದನ್ನು ಮುಚ್ಚಿಬಿಡುತ್ತದೆ.